ಶನಿವಾರ ನೆನೆಹಾಕಿ, ಭಾನುವಾರ ಬಳಿಯಿರಿ: ಚಳಿಗಾಲದಲ್ಲಿ ಮಲೆನಾಡಿನ ಹಳೆ ಮನೆ ರಿಪೇರಿ

ಶುಕ್ರವಾರ ರಾತ್ರಿ ತಾಳಗುಪ್ಪ ರೈಲಿಗೋ ಬಸ್ಸಿಗೋ ಹತ್ತಿ, ಶನಿವಾರ ಬೆಳಗಾಗುವಾಗ ಊರಿಗೆ ಬಂದು, ಭಾನುವಾರ ರಾತ್ರಿ ಮತ್ತೆ ಹೊರಡುವವರಿಗೆ ಕೈಗೆ ಸಿಗುವುದು ಎರಡು ಹಗಲು, ಮಧ್ಯೆ ಒಂದೇ ಒಂದು ರಾತ್ರಿ. ಡಿಸೆಂಬರ್-ಜನವರಿಯಲ್ಲಿ ಆ ಎರಡು ಹಗಲೂ ಪೂರ್ತಿ ದಕ್ಕುವುದಿಲ್ಲ. ಮಂಜು ಕರಗಿ ಹೆಂಚು ಒಣಗುವಾಗ ಹತ್ತು ಗಂಟೆ, ಸಂಜೆ ಐದೂವರೆಗೆ ಮತ್ತೆ ಥಂಡಿ. ಹಾಗಾಗಿ ಆ ಒಂದು ರಾತ್ರಿಯನ್ನೂ ದುಡಿಸಿಕೊಳ್ಳಬೇಕು. ಸುಟ್ಟ ಸುಣ್ಣ ನೀರಿನಲ್ಲಿ ಅರಳುವುದು, ಮಣ್ಣು ನೆನೆಯುವುದು, ಒರಲೆ (ಗೆದ್ದಲು) ಇದೆಯೋ ಇಲ್ಲವೋ ಗೊತ್ತಾಗುವುದು, ಎಲ್ಲಕ್ಕೂ ಒಂದು ರಾತ್ರಿ ಬೇಕೇ ಬೇಕು. ಇವನ್ನು ಶನಿವಾರ ಬೆಳಿಗ್ಗೆ ಶುರು ಮಾಡದಿದ್ದರೆ ಭಾನುವಾರ ಕೈಕಟ್ಟಿ ಕೂರಬೇಕಾಗುತ್ತದೆ.

ಇನ್ನೊಂದು ಮಾತು. ಈ ಹೊತ್ತಿನಲ್ಲಿ ಆಳು ಸಿಗುತ್ತಾರೆಂದು ನಂಬಿ ಬರಬೇಡಿ. ಊರಿಗೆ ಊರೇ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದರಲ್ಲಿ ಮುಳುಗಿರುತ್ತದೆ. ಕೊಪ್ಪ-ಶೃಂಗೇರಿ ಕಡೆಯಾದರೆ ಕಾಫಿ ಕೊಯ್ಲೂ ಜೊತೆಗೆ. ಇಬ್ಬರಿಂದ ಆಗುವ ಕೆಲಸವನ್ನಷ್ಟೇ ಇಲ್ಲಿ ಹೇಳಿದೆ.

ಬಂದ ಕೂಡಲೇ: ನೀರು, ಕರೆಂಟು, ಬಚ್ಚಲೊಲೆ

ಮೇನ್ ಸ್ವಿಚ್ ಹಾಕುವ ಮೊದಲು ಟಾರ್ಚ್ ಹಿಡಿದು ಅಟ್ಟದ ವೈರಿಂಗ್ ನೋಡಿ. ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯಲ್ಲಿ ಇಲಿ ಕಡಿದ ವೈರು ಇದ್ದೇ ಇರುತ್ತದೆ. ಹಳೆ 5 ಆಂಪಿಯರ್ ಪ್ಲಗ್ಗಿಗೆ 2000 ವ್ಯಾಟಿನ ರೂಮ್ ಹೀಟರ್ ಸಿಕ್ಕಿಸಬೇಡಿ. ಅದು ಎಳೆಯುವುದು ಹೆಚ್ಚುಕಡಿಮೆ 9 ಆಂಪಿಯರ್. ಮರದ ಪಟ್ಟಿಯೊಳಗೆ ಹೋದ ಹಳೆ ವೈರು ಬಿಸಿಯಾಗುವುದು ಕಣ್ಣಿಗೆ ಕಾಣುವುದಿಲ್ಲ. ಕಟ್ಟರ್, ಡ್ರಿಲ್ ಬಳಸುವುದಿದ್ದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಎಕ್ಸ್‌ಟೆನ್ಶನ್ ಬೋರ್ಡನ್ನು ಪಟ್ಟಣದಿಂದಲೇ ತನ್ನಿ.

ಗುಡ್ಡದ ಒರತೆಯಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರಿನ ಪೈಪಿದ್ದರೆ ಮೇಲಿನ ಗುಂಡಿಯ ಬಾಯಿಗೆ ತರಗೆಲೆ ಕಟ್ಟಿರುತ್ತದೆ. ಅದನ್ನು ತೆಗೆದ ಮೇಲೂ ನೀರು ಬಾರದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿದೆ ಎಂದರ್ಥ. ಪೈಪು ಉಬ್ಬಿ ಏರಿದ ಜಾಗದ ಜಾಯಿಂಟ್ ಸಡಿಲಿಸಿ ಗಾಳಿ ಬಿಡಿ. ಬಾವಿಯ ಪಂಪು ನೀರೆತ್ತದಿದ್ದರೆ ಮೊದಲು ಅನುಮಾನಿಸಬೇಕಾದ್ದು ಫುಟ್ ವಾಲ್ವನ್ನು (ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಕವಾಟ), ಮೋಟಾರನ್ನಲ್ಲ. ಪಂಪಿನ ತಲೆಗೆ ನೀರು ತುಂಬಿಸಿ ನೋಡಿ. ತುಂಬಿದಂತೆಲ್ಲ ಇಳಿದುಹೋದರೆ ವಾಲ್ವಿನ ವಾಷರ್ ಹೋಗಿದೆ.

ಬಚ್ಚಲೊಲೆಯ ಒಳಗೆ ಕೋಲು ಹಾಕಿ ತಡಕಿ. ಇಲಿ ಗೂಡು ಮಾಡಿರುತ್ತದೆ, ಇಲಿಯ ಹಿಂದೆ ಹಾವೂ ಇರಬಹುದು. ಒಂದು ಹಾಳೆ ಪೇಪರ್ ಹೊತ್ತಿಸಿ ಹೊಗೆ ಮೇಲೆ ಹೋಗುತ್ತದೋ ಕೋಣೆಗೆ ತಿರುಗುತ್ತದೋ ನೋಡಿಕೊಂಡು ಆಮೇಲೆ ಸೌದೆ ಇಡಿ. ಹಂಡೆಗೆ ನೀರು ತುಂಬದೆ ಬೆಂಕಿ ಹಾಕಿದರೆ ಬೆಸುಗೆ ಬಿಡುತ್ತದೆ. ಹೊತ್ತಿಸಲು ಅಡಿಕೆ ಸೋಗೆ, ಮೇಲೆ ತೆಂಗಿನ ಮಟ್ಟೆ, ಉರಿ ಹಿಡಿದ ಮೇಲೆ ಒಂದು ದಪ್ಪ ಕುಂಟೆ. ಆ ಕುಂಟೆ ರಾತ್ರಿಯಿಡೀ ಕಾಯುತ್ತದೆ, ಬೆಳಿಗ್ಗೆ ಸುಣ್ಣದ ಕೈ ತೊಳೆಯಲಿಕ್ಕೂ ಬಿಸಿನೀರು ಸಿಗುತ್ತದೆ.

ಸೌದೆಗೆಂದು ಕಾಡಿನ ಅಂಚಿಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು, ಹರಡುವ ಕಾಲ ಸರಿಯಾಗಿ ಇದೇ: ಡಿಸೆಂಬರಿನಿಂದ ಬೇಸಿಗೆಯ ತನಕ. ಅದನ್ನು ಹರಡುವ ಉಣುಗು ತರಗೆಲೆಯಲ್ಲಿರುತ್ತದೆ. ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಫಿಗೂ ಮುಂಚೆ ನೆನೆಹಾಕುವುದು

ಸುಣ್ಣ ಮೊದಲು. 5 ಕೆಜಿ ಸುಟ್ಟ ಸುಣ್ಣಕ್ಕೆ ಒಟ್ಟು 25 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಅರ್ಧ ನೀರು ಹಾಕಿಟ್ಟು, ಅದರೊಳಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಆ ಬಿಸಿಗೆ ತಳ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕನ್ನಡಕ, ಕೈಗವಸು ಕಡ್ಡಾಯ. ಕಣ್ಣಿಗೆ ಬಿದ್ದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆದು ಡಾಕ್ಟರ ಹತ್ತಿರ ಹೋಗಿ. ಕುದಿ ನಿಂತ ಮೇಲೆ ಉಳಿದ ನೀರು ಹಾಕಿ, ಮುಚ್ಚಿ, 24 ಗಂಟೆ ಬಿಡಿ. ಪ್ಯಾಕೆಟ್ಟಿನಲ್ಲಿ ಸಿಗುವ ಪುಡಿಸುಣ್ಣ ಆಗಲೇ ಅರಳಿದ್ದು. ಬಿಸಿಯೇನೂ ಏಳುವುದಿಲ್ಲ, ಆದರೂ ಒಂದು ರಾತ್ರಿ ನೆನೆದರೆ ಗೋಡೆಗೆ ಚೆನ್ನಾಗಿ ಕೂರುತ್ತದೆ.

ಮಣ್ಣು ಎರಡನೆಯದು. ನಾಲ್ಕು ಬಾಂಡ್ಲಿ ಜೇಡಿ ಅಂಶವಿರುವ ಮಣ್ಣನ್ನು ಜರಡಿ ಹಿಡಿದು, ನಾಲ್ಕರಿಂದ ಆರು ಬಾಂಡ್ಲಿ ಮರಳು, ಎರಡಿಂಚಿಗೆ ಕತ್ತರಿಸಿದ ಭತ್ತದ ಹುಲ್ಲು ಒಂದು ಬಾಂಡ್ಲಿ ಸೇರಿಸಿ ತುಳಿದು ನೀರು ಕುಡಿಸಿ. ಮರಳು ನಾಲ್ಕೋ ಆರೋ ಎಂಬುದನ್ನು ಮಣ್ಣೇ ಹೇಳುತ್ತದೆ: ಅಂಗೈಯಗಲದ ಎರಡು-ಮೂರು ಬಿಲ್ಲೆಗಳನ್ನು ಬೇರೆ ಬೇರೆ ಮರಳಿನ ಅಳತೆಯಲ್ಲಿ ತಟ್ಟಿ ಒಲೆಯ ಪಕ್ಕದ ಗೋಡೆಗೆ ಅಂಟಿಸಿ. ಬೆಳಿಗ್ಗೆ ಬಿರುಕು ಬಿಟ್ಟದ್ದಕ್ಕೆ ಮರಳು ಸಾಲದು, ಬೆರಳಿಗೆ ಪುಡಿಪುಡಿಯಾಗಿ ಉದುರಿದ್ದಕ್ಕೆ ಮರಳು ಹೆಚ್ಚು.

ಮೂರನೆಯದಕ್ಕೆ ಖರ್ಚೇ ಇಲ್ಲ. ಗೋಡೆ, ಕಂಬ, ಬಾಗಿಲ ಚೌಕಟ್ಟಿನ ಮೇಲೆ ಒರಲೆ ಕಟ್ಟಿದ ಮಣ್ಣಿನ ಗೆರೆ ಕಂಡಲ್ಲೆಲ್ಲ ಮಧ್ಯದಲ್ಲಿ ಎರಡಿಂಚು ಕೆರೆದು, ಪಕ್ಕದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಭಾನುವಾರ ಬೆಳಿಗ್ಗೆ ಅಲ್ಲಿ ಒದ್ದೆ ಮಣ್ಣಿನ ಹೊಸ ತೇಪೆ ಬಿದ್ದಿದ್ದರೆ ಒರಲೆ ಜೀವಂತವಿದೆ. ಮದ್ದು ಹೊಡೆಸಬೇಕಾದ್ದು ಅಲ್ಲಿಗೆ. ತೇಪೆ ಬೀಳದಿದ್ದರೆ ಗೆರೆ ಹಳೆಯದಿರಬಹುದು. ಮುಂದಿನ ಸಲವೂ ಅದನ್ನೇ ನೋಡಿ. ಇಡೀ ಮನೆಗೆ ಕಣ್ಣುಮುಚ್ಚಿ ಔಷಧ ಹೊಡೆಸುವ ಮೊದಲು ಇಷ್ಟು ಮಾಡಿದರೆ ದುಡ್ಡು ಉಳಿಯುತ್ತದೆ.

ಮಾಡು (ಚಾವಣಿ): ಹತ್ತರಿಂದ ಮೂರರ ತನಕ

ಮಳೆಯಿಲ್ಲದ ಕಾಲದಲ್ಲಿ ಸೋರುವ ಜಾಗ ಹುಡುಕುವುದು ಹೇಗೆಂದು ಕೇಳುತ್ತಾರೆ. ಮಳೆಗಾಲಕ್ಕಿಂತ ಈಗಲೇ ಸುಲಭ. ನಡುಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ, ದೀಪ ಆರಿಸಿ ಅಟ್ಟದಲ್ಲಿ ಐದು ನಿಮಿಷ ಸುಮ್ಮನೆ ಕೂತರೆ ಕಣ್ಣು ಕತ್ತಲೆಗೆ ಹೊಂದಿ, ಹೆಂಚು ಸರಿದಲ್ಲೆಲ್ಲ ಬೆಳಕಿನ ಚುಕ್ಕಿ ಕಾಣುತ್ತದೆ. ಹತ್ತಿರದ ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಮೇಲೆ ಗುರುತು ಹಾಕುತ್ತಾ ಹೋಗಿ. ಪಕಾಸಿಯ (ರೀಪನ್ನು ಹೊರುವ ಇಳಿಜಾರು ಮರ) ಮೇಲೆ ಕಂದು ಕಲೆ ಇಳಿದಿದ್ದರೆ ದೋಷ ಕಲೆಯ ನೇರಕ್ಕಲ್ಲ, ಅದಕ್ಕಿಂತ ಮೇಲೆ ಇರುತ್ತದೆ. ನೀರು ಮರದ ಗುಂಟ ಹರಿದು ಬಂದು ಎಲ್ಲೋ ತೊಟ್ಟಿಕ್ಕುತ್ತದೆ. ಮಲೆನಾಡಿನಲ್ಲಿ ಹೆಂಚು ಸರಿಯುವುದಕ್ಕೆ ಗಾಳಿಗಿಂತ ಮಂಗಗಳೇ ಹೆಚ್ಚು ಕಾರಣ. ಆದ್ದರಿಂದ ಮರದ ಕೊಂಬೆ ಚಾಚಿದ ಕಡೆಯಿಂದ ಹುಡುಕಾಟ ಶುರುಮಾಡಿ.

ಹೊಸ ಹೆಂಚು ತರುವಾಗ ಹಳೆಯ ಒಂದು ಹೆಂಚು ಚೀಲದಲ್ಲಿರಲಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯುದ್ದಕ್ಕೂ ಹೆಂಚಿನ ಕಾರ್ಖಾನೆಗಳು ಎದ್ದವು. ಒಂದೊಂದರ ಅಚ್ಚೂ ಕೂದಲೆಳೆಯಷ್ಟು ಬೇರೆ. ಹೆಂಚಿನ ಮೇಲೆ ಒತ್ತಿದ ಹೆಸರು ನೋಡಿ ಅದೇ ಹೆಸರಿನದು ಹುಡುಕಿ. ಬೇರೆಯದು ಕೂತಂತೆ ಕಂಡರೂ ಅಂಚಿನ ಗಾಡಿ (ಒಂದಕ್ಕೊಂದು ಕೂರುವ ತೋಡು) ಹಿಡಿಯದೆ ಮೊದಲ ಗಾಳಿಮಳೆಗೇ ನೀರು ಬಿಡುತ್ತದೆ. ಹಳೆ ಮನೆ ಕೆಡವಿದಲ್ಲಿ ಸಿಗುವ ಹೆಂಚು ಕೊಳ್ಳುವಾಗ ಒಂದೊಂದನ್ನೂ ನೇತುಹಿಡಿದು ಬೆರಳಗೆಣ್ಣಿನಿಂದ ಬಡಿಯಿರಿ. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಕಣ್ಣಿಗೆ ಕಾಣದ ಬಿರುಕು. 100 ಚದರಡಿಗೆ ಸುಮಾರು 140 ಹೆಂಚು ಹಿಡಿಯುತ್ತದೆ. ಒಡೆಯುವುದಕ್ಕೆಂದು ಹತ್ತು ಹೆಚ್ಚು ತನ್ನಿ.

ಒಂದೊಂದು ಹೆಂಚು ಬದಲಿಸಲು ಮಾಡು ಹತ್ತಬೇಕಾಗಿಲ್ಲ. ಅಟ್ಟದಲ್ಲಿ ನಿಂತು ಮೇಲಿನ ಸಾಲಿನ ಹೆಂಚನ್ನು ಎರಡಿಂಚು ಎತ್ತಿ ಹಿಡಿದು, ಒಡೆದದ್ದನ್ನು ಓರೆ ಮಾಡಿ ಒಳಕ್ಕೆಳೆದು, ಹೊಸದನ್ನು ಅದೇ ದಾರಿಯಲ್ಲಿ ಹೊರಡಿಸಿ ಹಿಂದಿನ ಗೂಟ ರೀಪಿಗೆ ಸಿಗುವ ತನಕ ಕೆಳಗೆ ಜಾರಿಸಿ. ಹತ್ತಲೇಬೇಕಾದರೆ ಏಣಿಯನ್ನು ಮಾಡಿನ ಮೇಲೆ ಮಲಗಿಸಿ, ಆಚೆ ಬದಿಯ ಗಟ್ಟಿ ಪಕಾಸಿಗೆ ಹಗ್ಗ ಕಟ್ಟಿ, ಏಣಿಯ ಮೇಲೆ ಮಾತ್ರ ನಡೆಯಿರಿ. ಇಬ್ಬನಿ ಆರದ ಹಾವಸೆ ಹೆಂಚು ಸೋಪಿನಂತೆ ಜಾರುತ್ತದೆ. ಹತ್ತು ಗಂಟೆಗೆ ಮುಂಚೆ ಬೇಡ ಎಂದದ್ದು ಅದಕ್ಕೇ. ಒಂದು ಸಲಕ್ಕೆ 20 ಹೆಂಚಿಗಿಂತ ಹೆಚ್ಚು ಬಿಚ್ಚಬೇಡಿ. ಮೂರು ಗಂಟೆಯ ಮೇಲೆ ಒಂದನ್ನೂ ಬಿಚ್ಚಬೇಡಿ.

ಬಿಚ್ಚಿದ ಜಾಗದಲ್ಲಿ ಪಕಾಸಿಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮುಖ್ಯವಾಗಿ ಅದು ಗೋಡೆಯ ಮೇಲಿನ ತೊಲೆಗೆ ಕೂರುವಲ್ಲಿ. ಕಾಲಿಂಚಿಗಿಂತ ಒಳಗೆ ಹೋದರೆ ಮರ ಸತ್ತಿದೆ. ಇಡೀ ಪಕಾಸಿ ಬದಲಿಸುವ ಬದಲು ಅದೇ ದಪ್ಪದ ಇನ್ನೊಂದನ್ನು ತೊಲೆಯ ಮೇಲಿನಿಂದ ಜೋಡಿಸಿ, ಗಟ್ಟಿ ಮರ ಸಿಕ್ಕಿದಲ್ಲಿಂದ ಕನಿಷ್ಠ ಮೂರಡಿ ಒಟ್ಟಿಗೆ ಹಿಡಿಸಿ, 10 ಎಂಎಂ ಬೋಲ್ಟು ಮೂರು ಹಾಕಿ. ಬರೀ ಮೊಳೆ ಹೊಡೆದದ್ದು ಎರಡು ಮಳೆಗಾಲದಲ್ಲಿ ಸಡಿಲಾಗುತ್ತದೆ. ಹೊಸ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವುದಾದರೆ ಉದ್ದ ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ.

ಹೆಂಚಿನ ಕಾಟವೇ ಬೇಡವೆಂದು ತಗಡಿನ ಶೀಟು ಹೊದಿಸುವವರಿಗೆ ಒಂದು ಚಳಿಗಾಲದ ಬೆಳಗು ಸಾಕು. ರಾತ್ರಿ ತಣ್ಣಗಾದ ತಗಡಿನ ಒಳಮೈಯಲ್ಲಿ ನೀರು ಹನಿಗಟ್ಟಿ ಹಾಸಿಗೆಗೆ ತೊಟ್ಟಿಕ್ಕುತ್ತದೆ. ಹೆಂಚು ಆ ತೇವವನ್ನು ತಾನೇ ಕುಡಿದು ಬಿಸಿಲಿಗೆ ಬಿಡುತ್ತದೆ.

ರಾತ್ರಿ ಮಲಗುವುದೆಲ್ಲಿ

ಜಗಲಿಯೂ ಬೇಡ, ದೊಡ್ಡ ನಡುಮನೆಯೂ ಬೇಡ. ಬಚ್ಚಲಿನ ಗೋಡೆಗೆ ತಾಗಿದ, ಮೇಲೆ ಹಲಗೆಯ ಅಟ್ಟವಿರುವ ಸಣ್ಣ ಕೋಣೆ ಹುಡುಕಿ. ಒಲೆಯ ಕಾವು ಮಣ್ಣಿನ ಗೋಡೆಯಲ್ಲಿ ನಡುರಾತ್ರಿ ತನಕ ಇರುತ್ತದೆ. ಹೆಂಚಿನ ಮಾಡಿನ ಕೋಣೆಯ ಬಿಸಿಯೆಲ್ಲ ಮೇಲೆ ಹೋಗಿ ಸಂದಿಯಲ್ಲಿ ಸೋರಿಹೋಗುತ್ತದೆ, ಕೆಳಗೆ ಎಷ್ಟು ಕಂಬಳಿ ಹೊದ್ದರೂ ಅಷ್ಟೇ. ಇಲಿಯ ಹಿಕ್ಕೆ ಇದ್ದರೆ ಒಣ ಪೊರಕೆಯಲ್ಲಿ ಗುಡಿಸಬೇಡಿ, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ಒರೆಸಿ. ಕಾವಿ ನೆಲದ ಚಳಿ ಬೆನ್ನಿಗೆ ಏರುತ್ತದೆ. ಟಾರ್ಪಾಲು, ಅದರ ಮೇಲೆ ನಾಲ್ಕಿಂಚು ಕೊಡವಿದ ಹುಲ್ಲು, ಮೇಲೆ ಚಾಪೆ, ಆಮೇಲೆ ಹಾಸಿಗೆ.

ಕೆಂಡದ ಅಗ್ಗಿಷ್ಟಿಕೆಯನ್ನು ಬಾಗಿಲು ಹಾಕಿದ ಕೋಣೆಯೊಳಗೆ ಇಟ್ಟುಕೊಂಡು ಮಲಗಬಾರದು. ಹೊಗೆ ಇಲ್ಲವೆಂದರೆ ಅಪಾಯ ಇಲ್ಲವೆಂದಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಚಳಿ ಕಾಯಿಸುವುದನ್ನು ಅಂಗಳದಲ್ಲೇ ಮುಗಿಸಿ ಬನ್ನಿ.

ಭಾನುವಾರದ ಗೋಡೆ

ಮೊದಲು ಗೋಡೆಯ ಬುಡಕ್ಕೆ ಬಡಿದು ನೋಡಿ. ಹಿಂದೆ ಯಾರೋ ಸಿಮೆಂಟ್ ಗಿಲಾವು ಮಾಡಿದ್ದರೆ ಟೊಳ್ಳು ಸದ್ದು ಬರುತ್ತದೆ. ನೆಲದ ತೇವ ಮಣ್ಣಿನ ಗೋಡೆಗೆ ಏರಿ ಹೊರಗೆ ಆರಿಹೋಗಬೇಕು. ಸಿಮೆಂಟ್ ಆ ದಾರಿಯನ್ನು ಕಟ್ಟಿಹಾಕುತ್ತದೆ. ತೇವ ಒಳಗೇ ನಿಂತು ಮಣ್ಣು ಮೆತ್ತಗಾಗಿ, ಸಿಮೆಂಟ್ ಹಪ್ಪಳದ ಹಾಗೆ ಎದ್ದು, ಬೀಳುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಸಿಮೆಂಟಿನ ಮೇಲೆ ಮತ್ತೆ ಸಿಮೆಂಟ್ ಬಳಿಯುವುದು ಈ ರಿಪೇರಿಗಳಲ್ಲೆಲ್ಲ ಅತಿ ದುಬಾರಿ ತಪ್ಪು. ನೆಲದಿಂದ ಮೂರಡಿ ಎತ್ತರದ ತನಕ ಟೊಳ್ಳಾದದ್ದನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದು, ಶಿವರಾತ್ರಿ ತನಕ ಹಾಗೇ ಆರಲು ಬಿಡಿ. ನೋಡಲು ಚೆಂದವಿರುವುದಿಲ್ಲ, ಇರಲಿ.

ಒಣಗಿರುವ ಗುಂಡಿ-ಬಿರುಕುಗಳಿಗೆ ನೆನೆದ ಮಣ್ಣು. ಸಡಿಲ ಮಣ್ಣು ಕೆರೆದು, ನೀರನ್ನು ಎರಡು ಸಲ ಚಿಮುಕಿಸಿ, ಮಣ್ಣನ್ನು ಸವರುವ ಬದಲು ಬೀಸಿ ಹೊಡೆಯಿರಿ, ಹಾಗೆ ಹೊಡೆದದ್ದು ಕಚ್ಚಿಕೊಳ್ಳುತ್ತದೆ. ಗುಂಡಿ ಒಂದಿಂಚಿಗಿಂತ ಆಳವಿದ್ದರೆ ಎರಡು ಸಲಕ್ಕೆ ತುಂಬಿ. ಮೊದಲ ಪದರವನ್ನು ಒರಟಾಗಿ ಗೀರಿ ಬಿಟ್ಟು ಎರಡನೆಯದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಈ ತೇಪೆಯ ಮೇಲೆ ಇವತ್ತೇ ಸುಣ್ಣ ಬಳಿಯಬೇಡಿ, ಚಳಿಗಾಲದಲ್ಲಿ ಅದು ಆರಲು ವಾರ ಹಿಡಿಯುತ್ತದೆ.

ಸುಣ್ಣ ಬಳಿಯಬೇಕಾದ್ದು ಗಟ್ಟಿ ಇರುವ ಹಳೆ ಗೋಡೆಗೆ. ಡಿಸ್ಟೆಂಪರ್ ಬಳಿದದ್ದಾದರೆ ಪೂರ್ತಿ ಕೆರೆಯದೆ ಸುಣ್ಣ ನಿಲ್ಲುವುದಿಲ್ಲ. ಅರಳಿದ ಸುಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ ಹಾಲಿನಷ್ಟು ತೆಳ್ಳಗೆ ಮಾಡಿ. ಬಕೆಟ್ಟಿಗೊಂದು ಲೋಟ ಅಕ್ಕಿ ಗಂಜಿ ಬೆರೆಸಿದರೆ ಬಟ್ಟೆಗೆ ಹತ್ತುವುದಿಲ್ಲ, ಹೆಚ್ಚಾದರೆ ಮಳೆಗಾಲದಲ್ಲಿ ಬೂಸಲು ಬರುತ್ತದೆ. ಗೋಡೆಯನ್ನು ಒದ್ದೆ ಮಾಡಿ ಬಳಿಯಿರಿ. ಬಳಿದ ಕೂಡಲೇ ಏನೂ ಕಾಣದಿರುವುದೇ ಸರಿ, ಆರಿದಂತೆ ಬಿಳಿ ಏರುತ್ತದೆ. ಆಗಲೇ ಬೆಳ್ಳಗೆ ಕಂಡರೆ ದಪ್ಪವಾಗಿದೆ, ಸಿಪ್ಪೆಯೇಳುತ್ತದೆ. 10×12 ಅಡಿ ಕೋಣೆಗೆ ಒಂದು ಕೈಗೆ (ಒಂದು ಸಲದ ಬಳಿತಕ್ಕೆ) ಸುಮಾರು 5 ಕೆಜಿ ಸುಣ್ಣ ಬೇಕು. ಎರಡು, ಮೂರನೆಯ ಕೈ ಮುಂದಿನ ಸಲವಾದರೂ ತೊಂದರೆಯಿಲ್ಲ. ಉಳಿದ ಸುಣ್ಣದ ಮೇಲೆ ಮೂರಿಂಚು ನೀರು ನಿಲ್ಲಿಸಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ನುಣುಪೂ ಆಗುತ್ತದೆ.

ಸುಣ್ಣದ ಗಾರೆ ಮಾತ್ರ ವೀಕೆಂಡಿಗೆ ಬರುವವರ ಕೆಲಸವಲ್ಲ. ಅದಕ್ಕೆ ವಾರಪೂರ್ತಿ ದಿನಕ್ಕೆರಡು ಹೊತ್ತು ನೀರು ಚಿಮುಕಿಸುವವರು ಬೇಕು. ಪಕ್ಕದ ಮನೆಯವರು ಒಪ್ಪಿದರೆ ಸರಿ, ಅಡಿಕೆ ಸುಗ್ಗಿಯಲ್ಲಿ ಅವರನ್ನು ಕೇಳುವುದೂ ನ್ಯಾಯವಲ್ಲ.

ಹೊರಡುವ ಹೊತ್ತಿಗೆ ಬಚ್ಚಲೊಲೆಯ ಕೆಂಡವನ್ನು ಹೊರಗೆಳೆದು ಅಂಗಳದಲ್ಲಿ ಆರಿಸಿ. ಬಿಸಿ ಒಲೆಗೇ ನೀರು ಹೊಯ್ದರೆ ಒಲೆಯ ಮಣ್ಣು ಸೀಳುತ್ತದೆ. ಉಳಿದ ಹೆಂಚನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿಡಿ. ಮುಂದಿನ ಸಲ ಎತ್ತುವಾಗ ಕೈಗವಸು ಇರಲಿ, ಸಂದಿಯಲ್ಲಿ ಚೇಳು ಇರುತ್ತದೆ. ಮೇನ್ ಆಫ್ ಮಾಡುವ ಮೊದಲು ಸೀಮೆಸುಣ್ಣದ ಗುರುತುಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದುಕೊಳ್ಳಿ, ಮುಂದಿನ ಸಲ ಬರುವಾಗ ಅವು ಅಳಿಸಿಹೋಗಿರುತ್ತವೆ.