ಮಗನ 49 ಸಿಸಿ ಬೈಕಿಗೆ 53 ಹಲ್ಲಿನ ಸ್ಪ್ರಾಕೆಟ್: ನನ್ನ ಅನುಭವ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆ ಹಿಂದೆ ಒಂದು ಏರು ಇದೆ. ಉದ್ದ ಅರವತ್ತು ಹೆಜ್ಜೆ, ಹತ್ತು ಅಡಿಗೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಅಡಿ ಏರುತ್ತೆ, ಕೆಂಪು ಮಣ್ಣು. ಮೊನ್ನೆ ಭಾನುವಾರ ನನ್ನ ಮಗ ಆ ಏರನ್ನು ತನ್ನ ಪುಟ್ಟ ಬೈಕಿನಲ್ಲಿ ಒಂದೇ ಸಲಕ್ಕೆ ಹತ್ತಿದ. ಕಾಲು ಊರಲಿಲ್ಲ, ನಾನು ಹಿಂದಿನಿಂದ ತಳ್ಳಲೂ ಇಲ್ಲ. ಮೇಲೆ ಹೋಗಿ ತಿರುಗಿ ನಿಂತು ಕೈ ಎತ್ತಿದ. ಒಂದೂವರೆ ವರ್ಷದಿಂದ ಈ ಬೈಕು ಈ ಏರು ಹತ್ತಲ್ಲ ಅಂತ ಹೇಳದವರೇ ಇರಲಿಲ್ಲ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಬೈಕು ನಿಮಗೆಲ್ಲ ಗೊತ್ತಿರುವುದೇ. ಚೀನಾದ 49 ಸಿಸಿ ಟೂ ಸ್ಟ್ರೋಕ್, ದಾರ ಎಳೆದು ಸ್ಟಾರ್ಟ್ ಮಾಡುವುದು, ಹತ್ತಿಂಚಿನ ಚಕ್ರ, ಸೆಂಟ್ರಿಫ್ಯೂಗಲ್ ಕ್ಲಚ್ (ಇಂಜಿನ್ನು ಜೋರಾಗಿ ತಿರುಗಿದರೆ ತಾನೇ ಹಿಡಿಯುವಂಥದ್ದು), ಪಕ್ಕದಲ್ಲಿ ವೇಗ ಇಳಿಸುವ ಸಣ್ಣ ರಿಡಕ್ಷನ್ ಡಬ್ಬಿ, ಟಿ8ಎಫ್ ಅನ್ನುವ ಸಣ್ಣ ಅಳತೆಯ ಚೈನ್. ಚೈನು ಕೂರುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಬಂದಾಗ ಮುಂದೆ 14 ಹಲ್ಲಿನದು, ಹಿಂದೆ 44. ಸೆಕೆಂಡ್ ಹ್ಯಾಂಡ್, 18 ಸಾವಿರ ಕೊಟ್ಟೆ. ಮಗನಿಗೆ ಎಂಟು ವರ್ಷ, ತೂಕ 27 ಕೆಜಿ ಇರಬಹುದು, ಹೆಲ್ಮೆಟ್ಟು, ಗಾರ್ಡು, ಬೂಟು ಎಲ್ಲ ಸೇರಿ ಮೂವತ್ತು ದಾಟುತ್ತಾನೆ. ಅವನು ಓಡಿಸುವುದು ತೋಟದ ಒಳಗೆ ಮಾತ್ರ, ಗೇಟು ದಾಟಿಸುವುದಿಲ್ಲ.

ನಾನಿರುವುದು ಸಕಲೇಶಪುರದ ಕಡೆ. ಕೆಲಸ ವೀಡ್ ಕಟರ್, ಸ್ಪ್ರೇಯರ್, ಪಲ್ಪರ್ ರಿಪೇರಿ. ಮಳೆಗಾಲ ಮುಗಿಯುತ್ತಿದ್ದ ಹಾಗೆ ದಿನಕ್ಕೆ ಹತ್ತು ವೀಡ್ ಕಟರ್ ಬಿಚ್ಚುತ್ತೇನೆ, ಹಾಗಾಗಿ ಸಣ್ಣ ಟೂ ಸ್ಟ್ರೋಕ್ ಇಂಜಿನ್ನೂ ಈ ಜಾತಿಯ ಕ್ಲಚ್ಚೂ ನನ್ನ ಕೈಗೆ ಹೊಸದಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಜಿನ್ನಿಗೆ ಶಕ್ತಿ ಇಲ್ಲ ಅಂತ ಎಲ್ಲರೂ ಹೇಳಿದಾಗ ನಾನು ಒಪ್ಪದೇ ಇದ್ದಿದ್ದು ಇದೇ ಕಾರಣಕ್ಕೆ. ಅಷ್ಟೇ ಸಿಸಿಯ ಇಂಜಿನ್ನು ದಿನವಿಡೀ ಬ್ಲೇಡು ತಿರುಗಿಸುವುದನ್ನು ನೋಡಿದವನಿಗೆ ಗೊತ್ತು, ತೊಂದರೆ ಅಲ್ಲಿಲ್ಲ.

ತೊಂದರೆ ಹೀಗಿತ್ತು. ಸಮತಟ್ಟಿನ ಕಣದಲ್ಲಿ ಬೈಕು ಚೆನ್ನಾಗೇ ಓಡುತ್ತಿತ್ತು. ಏರು ಸಿಕ್ಕ ಕೂಡಲೇ ಆರ್‌ಪಿಎಂ ಕೆಳಗೆ ಬೀಳುವುದು, ಕ್ಲಚ್ಚು ಅರ್ಧ ಹಿಡಿದು ಅರ್ಧ ಜಾರುವುದು. ಮಗ ಎರಡೂ ಕಾಲು ನೆಲಕ್ಕೆ ಕೊಟ್ಟು ತಳ್ಳುತ್ತಾ ಆಕ್ಸಿಲೇಟರ್ ಪೂರ್ತಿ ತಿರುಗಿಸುತ್ತಿದ್ದ. ಐದು ನಿಮಿಷಕ್ಕೆ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಕ್ಲಚ್ಚಿನ ಬೆಲ್ಲು, ಅಂದರೆ ಹೊರಗಿನ ಬಟ್ಟಲು, ಒಳಗೆಲ್ಲ ನೀಲಿ ತಿರುಗಿತ್ತು, ಅದನ್ನು ಒಳಗಿಂದ ಒತ್ತಿ ಹಿಡಿಯುವ ಶೂಗಳ ಮೇಲೆ ಗಾಜಿನ ಹಾಗೆ ಹೊಳಪು. ಒಂದು ಹನಿ ನೀರು ಬಿಟ್ಟರೆ ಚುಯ್ ಅಂತ ಹಾರಿಹೋಯಿತು. ಆ ವರ್ಷ ಮೂರು ಕ್ಲಚ್ ಹೋದವು, ಒಂದಕ್ಕೆ ಎಂಟುನೂರೋ ಒಂಬೈನೂರೋ. ಕೊನೆಗೆ ಮಗನೇ ಬೈಕು ಬೇಡ ಅನ್ನಲು ಶುರು ಮಾಡಿದ. ಅದು ನನ್ನ ಎದೆಗೆ ತಾಗಿತು.

ಗೆಳೆಯರು ಹೇಳಿದ್ದೆಲ್ಲ ಒಂದೇ: ದೊಡ್ಡ ಕಾರ್ಬುರೇಟರ್ ಹಾಕು, ಇಲ್ಲವೇ ಮಾರಿಬಿಟ್ಟು ಹೋಂಡಾ ಸಿಆರ್‌ಎಫ್50 ಹುಡುಕು. ಹೋಂಡಾದಲ್ಲಿ ಮೂರು ಗೇರು, ಕೈ ಕ್ಲಚ್ಚಿಲ್ಲ, ಏರು ಬಂದರೆ ಒಂದನೇ ಗೇರಿಗೆ ಹಾಕಿದರೆ ಮುಗಿಯಿತು. ಒಳ್ಳೆಯ ಬೈಕೇ. ಆದರೆ ನಮಗೆ ಅದು ಎಲ್ಲಿ ಸಿಗಬೇಕು, ಸಿಕ್ಕರೂ ಆ ದುಡ್ಡು ಯಾರು ಕೊಡಬೇಕು. ಯಮಹಾ ಪಿಡಬ್ಲ್ಯೂ50 ಅಂದರು ಇನ್ನೊಬ್ಬರು. ಅದು ಶಾಫ್ಟ್ ಡ್ರೈವ್, ಚೈನೇ ಇಲ್ಲ, ಸ್ಪ್ರಾಕೆಟ್ ಬದಲಿಸುವ ಮಾತೂ ಇಲ್ಲ. ನಮ್ಮ ಚೀನಾ ಬೈಕಿನ ದೊಡ್ಡ ಗುಣವೇ ಅದು, ಚೈನಿದೆ. ಇರುವುದು ಒಂದೇ ಗೇರು ಅಂದಮೇಲೆ ಆ ಒಂದನ್ನು ನಮ್ಮ ಜಾಗಕ್ಕೆ ಸರಿ ಮಾಡಿಕೊಳ್ಳಬೇಕು. ಕಾರ್ಖಾನೆಯವರು ಅದನ್ನು ಸಮತಟ್ಟಿಗೆ ಮಾಡಿದ್ದಾರೆ, ಮಲೆನಾಡಿಗಲ್ಲ.

ಆದರೂ ಮೊದಲು ಅವರ ಮಾತು ಕೇಳಿ ಕಾರ್ಬುರೇಟರ್ ಬದಲಿಸಿದೆ. 1,400 ರೂಪಾಯಿ. ಮೇಲಿನ ಸ್ಪೀಡು ಸ್ವಲ್ಪ ಹೆಚ್ಚಿತು, ಕೆಳಗಿನ ಎಳೆತ ಇನ್ನೂ ಸತ್ತಿತು. ಹಳೆಯದನ್ನೇ ವಾಪಸ್ ಹಾಕಿದೆ. ಆಮೇಲೆ ಕ್ಲಚ್ ಸ್ಪ್ರಿಂಗಿಗೆ ಕೈ ಹಾಕಿದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಲಚ್ಚು ತಡವಾಗಿ ಹಿಡಿಯುತ್ತೆ, ಅಷ್ಟರಲ್ಲಿ ಇಂಜಿನ್ನಿಗೆ ಉಸಿರು ಬಂದಿರುತ್ತೆ. ದೊಡ್ಡವರಿಗೆ ಸರಿ. ಮಗುವಿಗೆ ಅಪಾಯ. ಸುಮ್ಮನೆ ನಿಂತ ಬೈಕು ಒಮ್ಮೆಲೇ ಜಿಗಿಯಿತು, ಮಗ ಹಿಂದಕ್ಕೆ ಬಿದ್ದ, ಮೊಣಕೈ ತರಚಿತು. ಅವತ್ತೇ ಆ ಸ್ಪ್ರಿಂಗ್ ತೆಗೆದು ಡಬ್ಬಕ್ಕೆ ಹಾಕಿದೆ. ವೀಡ್ ಕಟರಿನ ಕ್ಲಚ್ಚನ್ನೂ ಕೂರಿಸಿ ನೋಡಿದ್ದುಂಟು, ಅಳತೆ ಹೆಚ್ಚುಕಡಿಮೆ ಒಂದೇ. ಬೇಗ ಹಿಡಿಯಿತು, ಮೆತ್ತಗೆ ಹಿಡಿಯಿತು, ಹತ್ತೇ ನಿಮಿಷಕ್ಕೆ ಸುಟ್ಟಿತು.

ಗೇರಿಂಗಿಗೆ ಬಂದಿದ್ದು ಇಷ್ಟೆಲ್ಲ ಆದಮೇಲೆ. ಮುಂದಿನ ಹಲ್ಲು ಕಡಿಮೆ ಮಾಡುವುದು ಅಗ್ಗ, ಅಲ್ಲಿಂದಲೇ ಶುರು ಮಾಡಿದೆ. 11 ಹಲ್ಲಿನದು 250 ರೂಪಾಯಿಗೆ ಸಿಕ್ಕಿತು. 14ರಿಂದ 11ಕ್ಕೆ ಬಂದರೆ ಅನುಪಾತ (ಹಿಂದಿನ ಹಲ್ಲನ್ನು ಮುಂದಿನದರಿಂದ ಭಾಗಿಸಿದ್ದು) 3.14ರಿಂದ 4ಕ್ಕೆ ಹೋಗುತ್ತೆ, ಅದು ಹೆಚ್ಚಿದಷ್ಟೂ ಎಳೆತ ಹೆಚ್ಚು, ಸ್ಪೀಡು ಕಡಿಮೆ. ಮೊದಲ ದಿನವೇ ವ್ಯತ್ಯಾಸ ಕಂಡಿತು, ಅರವತ್ತು ಹೆಜ್ಜೆಯಲ್ಲಿ ನಲವತ್ತು ಹತ್ತಿದ. ಆದರೆ ಮುಂದಿನ ಸ್ಪ್ರಾಕೆಟ್ ಚಿಕ್ಕದಾದಾಗ ಚೈನಿನ ಮೇಲಿನ ಸಾಲು ಕೆಳಗಿಳಿದು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಉಜ್ಜುತ್ತೆ. ಒಂದೇ ವಾರಕ್ಕೆ ಪೈಪಿನ ಮೇಲೆ ಗೀರು ಬಿದ್ದಿತ್ತು. ಅದಕ್ಕೆ ರಬ್ಬರ್ ಅಂಟಿಸಿದೆ, ಎರಡು ದಿನದಲ್ಲಿ ತಿಂದುಹಾಕಿತು. ಕೊನೆಗೆ ಕೆಲಸ ಕೊಟ್ಟಿದ್ದು ಅಡಿಗೆಮನೆಯ ಪ್ಲಾಸ್ಟಿಕ್ ತರಕಾರಿ ಮಣೆ. ಎರಡು ಬೆರಳಗಲ ಕತ್ತರಿಸಿ, ಅಂಚು ಉರುಟು ಮಾಡಿ, ಎರಡು ಕೌಂಟರ್‌ಸಂಕ್ ಸ್ಕ್ರೂ ಹಾಕಿ ಕೂರಿಸಿದೆ. ಎಂಟು ತಿಂಗಳಾಯಿತು, ಒಂದು ಗೆರೆ ಬಿದ್ದಿದೆ ಅಷ್ಟೇ. ಮನೆಯವಳಿಗೆ ಹೊಸ ಮಣೆ ತಂದುಕೊಟ್ಟೆ, 180 ರೂಪಾಯಿ, ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ಮುಂದೆ ಇನ್ನೂ ಇಳಿಸೋಣ ಅಂತ 9 ಹಲ್ಲಿನದು ನಾನೇ ಲೇತಿನಲ್ಲಿ ಮಾಡಿಸಿದೆ. ಅಷ್ಟು ಚಿಕ್ಕ ಸುತ್ತಿನಲ್ಲಿ ಚೈನು ಬಗ್ಗಲು ಒದ್ದಾಡುತ್ತೆ, ಕಟಕಟ ಸದ್ದು, ಭಾರ ಬಿದ್ದರೆ ಚೈನು ಹಲ್ಲು ದಾಟಿ ಹಾರುತ್ತೆ. 11ಕ್ಕಿಂತ ಕೆಳಗೆ ಹೋಗಬೇಡಿ.

ಹಾಗಾಗಿ ಹಿಂದಿನದೇ ದೊಡ್ಡದಾಗಬೇಕು. ಇಲ್ಲಿ ಹೋಯಿತು ನೋಡಿ ದುಡ್ಡು. ಆನ್‌ಲೈನಿನಲ್ಲಿ 54 ಹಲ್ಲಿನದು ತರಿಸಿದೆ, 1,100. ಬಂದದ್ದರ ನಡುವಿನ ತೂತು ನನ್ನ ಹಿಂದಿನ ಚಕ್ರದ ಹಬ್ಬಿಗೆ, ಅಂದರೆ ನಡುವಿನ ಗುಂಬಕ್ಕೆ, ಕೂರಲಿಲ್ಲ. ಈ ಬೈಕುಗಳಲ್ಲಿ ಹಬ್ ಒಂದೇ ಅಳತೆಯದಲ್ಲ, ನೋಡಲು ಒಂದೇ ಥರ ಇರುತ್ತೆ. ವರ್ನಿಯರ್ ಇಟ್ಟು ನಡುವಿನ ತೂತು, ಬೋಲ್ಟುಗಳ ಸುತ್ತು ಎರಡನ್ನೂ ಅಳೆಯದೆ ಆರ್ಡರ್ ಮಾಡಬೇಡಿ. ವಾಪಸ್ ಕಳಿಸಲು ಹೋದರೆ ಮಾರಿದವರು ಫೋನೇ ಎತ್ತಲಿಲ್ಲ.

ಆಗ ತೀರ್ಮಾನಿಸಿದೆ, ನಾವೇ ಕತ್ತರಿಸೋಣ. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ ಡ್ರಾಯಿಂಗ್ ಮಾಡಿಕೊಟ್ಟ. ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡುವವರಿಗೆ ಕಳಿಸಿದೆ. ಒಂದನ್ನು ಕತ್ತರಿಸಲ್ಲ, ಕನಿಷ್ಠ ಮೂರು ಅಂದರು. ಮೂರಕ್ಕೆ ಎರಡು ಸಾವಿರದ ಹತ್ತಿರ. ನಾನು 5 ಮಿ.ಮೀ. ಪ್ಲೇಟ್ ಹೇಳಿಬಿಟ್ಟಿದ್ದೆ, ಗಟ್ಟಿ ಇರಲಿ ಅಂತ. ಟಿ8ಎಫ್ ಚೈನಿನ ಒಳಗಲ ಐದಕ್ಕಿಂತ ಕಡಿಮೆ. ಹಲ್ಲು ಚೈನಿನೊಳಗೆ ಹೋಗಲೇ ಇಲ್ಲ. ಮೂರನ್ನೂ ರಾತ್ರಿ ಕೂತು ಗ್ರೈಂಡರಿನಲ್ಲಿ ಎರಡೂ ಕಡೆ ತೆಳ್ಳಗೆ ಮಾಡಿದೆ. ಮೂರೂ ಮುಗಿದ ಮೇಲೆ ಒಂದಕ್ಕೆ ಚೈನು ಸುತ್ತಿ ನೋಡುತ್ತೇನೆ, ಮೊದಲ ಎಂಟು ಹತ್ತು ಹಲ್ಲು ಸರಿಯಾಗಿ ಕೂತು, ಆಮೇಲೆ ಚೈನು ನಿಧಾನವಾಗಿ ಹಲ್ಲಿನ ಮೇಲೆ ಹತ್ತುತ್ತಿದೆ. ಜಗ್ಗಿಹೋದ ಹಳೆ ಚೈನನ್ನು ಹೊಸ ಸ್ಪ್ರಾಕೆಟ್ಟಿಗೆ ಹಾಕಿದ ಹಾಗೆ. ಚೈನಾದರೋ ಹೊಸದು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಡ್ರಾಯಿಂಗ್ ನೋಡಿದೆ. ಹುಡುಗ ಪಿಚ್ಚನ್ನು, ಅಂದರೆ ಹಲ್ಲಿನಿಂದ ಹಲ್ಲಿಗಿರುವ ಅಂತರವನ್ನು, 5/16 ಇಂಚು ಅಂತ ಹಾಕಿದ್ದ, ಅಂದರೆ 7.94 ಮಿ.ಮೀ. ನಮ್ಮ ಚೈನಿನದು ಸರಿಯಾಗಿ 8. ಒಂದು ಹಲ್ಲಿಗೆ ಕೂದಲೆಳೆಯಷ್ಟು, ಸುತ್ತು ಪೂರ್ತಿ ಬರುವಷ್ಟರಲ್ಲಿ ಮೂರು ಮಿ.ಮೀ.ಗೂ ಮಿಕ್ಕಿ ತಪ್ಪು. ಮೂರೂ ಗುಜರಿಗೆ ಹೋದವು.

ಎರಡನೇ ಸಲ ಡ್ರಾಯಿಂಗನ್ನು ಮೊದಲು ಕಾಗದದ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆಸಿ, ರಟ್ಟಿಗೆ ಅಂಟಿಸಿ, ಚೈನು ಮೇಲಿಟ್ಟು ಒಂದು ಸುತ್ತು ನೋಡಿದೆ. ಹತ್ತು ರೂಪಾಯಿಯ ಕೆಲಸ. ಇಎನ್8 ಉಕ್ಕು, 4 ಮಿ.ಮೀ. ಹಲ್ಲು 54 ಬೇಡ, 53 ಅಂತ ಹೇಳಿದೆ. ಯಾಕೆ ಅಂತ ಲೇಸರಿನವರೂ ಕೇಳಿದರು. ಚೈನಿನ ಕೊಂಡಿಗಳ ಸಂಖ್ಯೆ ಸಾಮಾನ್ಯವಾಗಿ ಸಮ. ಹಲ್ಲೂ ಸಮ ಇದ್ದರೆ ಒಂದು ಹಲ್ಲಿಗೆ ಒಳಗಿನ ಕೊಂಡಿಯೇ ಮತ್ತೆ ಮತ್ತೆ ಬಂದು ಕೂರುತ್ತೆ, ಪಕ್ಕದ್ದಕ್ಕೆ ಹೊರಗಿನದೇ. ಬೆಸ ಇದ್ದರೆ ಸುತ್ತಿನಿಂದ ಸುತ್ತಿಗೆ ಬದಲಾಗಿ ಎಲ್ಲ ಹಲ್ಲೂ ಸಮನಾಗಿ ಸವೆಯುತ್ತೆ. ನಮ್ಮ ಮಣ್ಣಿನಲ್ಲಿ ಇದು ದೊಡ್ಡ ಮಾತು.

ಹಲ್ಲುಗಳಿಗೆ ಗಡಸು ಕೊಟ್ಟಿದ್ದು ನಾನೇ, ನಮ್ಮ ಒಲೆಯಲ್ಲೇ. ಎಷ್ಟು ಕಾಯಿಸಿದೆ, ಯಾವುದರಲ್ಲಿ ಅದ್ದಿದೆ, ಪ್ಲೇಟು ಸೊಟ್ಟಗಾಗದ ಹಾಗೆ ಹೇಗೆ ಹಿಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅಪ್ಪ ಕತ್ತಿ ಹದ ಹಾಕುತ್ತಿದ್ದ ರೀತಿ, ನಮ್ಮ ಮನೆಯಲ್ಲೇ ಇರಲಿ. ಗಡಸು ಕೊಡದೆಯೂ ಓಡುತ್ತೆ, ಚಿಂತೆ ಇಲ್ಲ. ಲೋಹ ಉಜ್ಜುವ ಫೈಲು ಎಳೆದರೆ ನನ್ನದರ ಮೇಲೆ ಜಾರುತ್ತೆ, ಅಷ್ಟು ಹೇಳಬಲ್ಲೆ.

ಚೈನಿಗೆ ನಾಲ್ಕು ಕೊಂಡಿ ಸೇರಿಸಬೇಕಾಯಿತು. ಮೊದಲು 112 ಇತ್ತು, ಈಗ 116. ಹಿಂದಿನ ಆಕ್ಸಲ್ಲನ್ನು ಸೀಳಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿಸಿದರೆ ಸರಿಯಾಗಿ ಬಂತು. ಎರಡು ತುಂಡು ಚೈನು ಜೋಡಿಸುವ ಬದಲು ಉದ್ದದ್ದನ್ನೇ ತಂದು ಕತ್ತರಿಸಿ, ಲಾಕ್ ಒಂದೇ ಇರಲಿ. ಚೈನ್ ಗಾರ್ಡ್ ಕೆಳಗಿನ ಅಂಚನ್ನು ಕತ್ತರಿಸಿ ಬಾಗಿಸಿದೆ. ತೆಗೆದು ಬಿಸಾಡಲಿಲ್ಲ, ಮಗುವಿನ ಪ್ಯಾಂಟು ಸಿಕ್ಕಿಕೊಳ್ಳುವ ಜಾಗ ಅದು.

11ಕ್ಕೆ 53 ಅಂದರೆ 4.8. ಮೊದಲಿಗಿಂತ ಒಂದೂವರೆ ಪಟ್ಟು. ಸ್ಪೀಡು ಹೋಗುತ್ತೆ, ಹುಡುಗ ಅಳುತ್ತಾನೆ ಅಂದಿದ್ದರು. ಮೊಬೈಲ್ ಜಿಪಿಎಸ್‌ನಲ್ಲಿ ಮೊದಲು 42 ಬರುತ್ತಿತ್ತು, ಈಗ 30ರ ಆಸುಪಾಸು. ಎಂಟು ವರ್ಷದ ಮಗು ಕಾಫಿ ಗಿಡಗಳ ನಡುವೆ 42ರಲ್ಲಿ ಹೋಗಬೇಕಾದರೂ ಯಾಕೆ? ಅವನು ಅಳಲಿಲ್ಲ. ಈಗ ಮೊದಲಿಗಿಂತ ಕಡಿಮೆ ವೇಗದಲ್ಲೇ ಕ್ಲಚ್ಚು ಪೂರ್ತಿ ಹಿಡಿಯುತ್ತೆ, ಆಕ್ಸಿಲೇಟರ್ ಎಷ್ಟು ತಿರುಗಿಸಿದರೆ ಬೈಕು ಅಷ್ಟೇ ಹೋಗುತ್ತೆ. ಎರಡೇ ವಾರದಲ್ಲಿ ಅವನು ಪೆಗ್ (ಕಾಲಿಡುವ ಕಡ್ಡಿ) ಮೇಲೆ ನಿಂತು ಓಡಿಸಲು ಕಲಿತ. ಏರು ಹತ್ತಿ ಬಂದ ಕೂಡಲೇ ಕ್ಲಚ್ ಬೆಲ್ಲಿನ ಕವರಿಗೆ ಕೈ ಇಟ್ಟೆ. ಬೆಚ್ಚಗಿತ್ತು. ಕೈ ತೆಗೆಯಬೇಕು ಅನ್ನಿಸಲಿಲ್ಲ. ನನಗೆ ಗೆದ್ದ ಖುಷಿ ಆಗಿದ್ದು ಆಗಲೇ.

ಆಸೆಗೆ ಬಿದ್ದು 64 ಹಲ್ಲಿನದೂ ಮಾಡಿಸಿದೆ. ಗೋಡೆ ಹತ್ತುವ ಹಾಗೆ ಹತ್ತಿತು, ಆದರೆ ಚೈನು ನೆಲಕ್ಕೆ ಹತ್ತಿರವಾಯಿತು. ಮೂರನೇ ದಿನ ಕಲ್ಲಿಗೆ ತಾಗಿ ಪ್ಲೇಟು ಬಗ್ಗಿ ಚೈನು ಕಳಚಿತು. ಹತ್ತಿಂಚು ಚಕ್ರಕ್ಕೆ ಅಷ್ಟು ದೊಡ್ಡದು ಬೇಡ.

ಇನ್ನೊಂದು ಮುಖ್ಯ ಸಂಗತಿ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಗೇರಿಂಗ್ ಕೆಳಗಿಳಿಸಿದ ಮೇಲೆ (ಅಂದರೆ ಅನುಪಾತ ಹೆಚ್ಚಿಸಿ ಸ್ಪೀಡು ಇಳಿಸಿದ ಮೇಲೆ) ಇಳಿಜಾರಿನಲ್ಲಿ ಇಂಜಿನ್ನು ಮೊದಲಿಗಿಂತ ಜೋರಾಗಿ ತಿರುಗುತ್ತೆ. ಬ್ರೇಕಿಗೆ ಅದು ಒಳ್ಳೆಯದೇ, ಬೈಕು ತಾನೇ ಹಿಡಿದುಕೊಳ್ಳುತ್ತೆ. ಆದರೆ ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆ. ಆಕ್ಸಿಲೇಟರ್ ಮುಚ್ಚಿ ಉದ್ದ ಇಳಿದರೆ ಇಂಜಿನ್ನು ಓಡುತ್ತಿರುತ್ತೆ, ಆಯಿಲ್ ಮಾತ್ರ ಹನಿಯಷ್ಟು. ನಮ್ಮ ಕೆರೆ ದಾರಿ ಇಳಿದು ಬಂದಾಗ ಒಂದು ಸಲ ಪಿಸ್ಟನ್ ಅರೆಹಿಡಿದು ನಿಂತಿತು. ಬಿಚ್ಚಿದರೆ ಎಕ್ಸಾಸ್ಟ್ ಕಡೆ ಎರಡು ಗೀರು. ಅವತ್ತಿನಿಂದ ಲೀಟರಿಗೆ 40 ಮಿ.ಲೀ. ಆಯಿಲ್ ತಪ್ಪಿಸುವುದಿಲ್ಲ. ಇಳಿಯುವಾಗ ಹತ್ತು ಎಣಿಸಿ ಒಂದು ಸಲ ಆಕ್ಸಿಲೇಟರ್ ತಿರುಗಿಸು ಅಂತ ಮಗನಿಗೆ ಕಲಿಸಿದ್ದೇನೆ. ಅವನು ಜೋರಾಗಿ ಎಣಿಸುತ್ತಾ ಇಳಿಯುತ್ತಾನೆ, ಹೆಲ್ಮೆಟ್ಟಿನೊಳಗಿಂದ ಕೇಳಿಸುತ್ತೆ.

ಒಟ್ಟು ಖರ್ಚು ಕೇಳಿದರೆ, ಸುಟ್ಟ ಕ್ಲಚ್ಚು, ಗುಜರಿಗೆ ಹೋದ ಪ್ಲೇಟು ಎಲ್ಲ ಹಿಡಿದು ಹನ್ನೊಂದು ಸಾವಿರದ ಮೇಲೆ. ಅದರಲ್ಲಿ ನಿಜವಾಗಿ ಬೇಕಾಗಿದ್ದು 11 ಹಲ್ಲಿನದು 250, ಇಎನ್8 ಪ್ಲೇಟಿನ ಪಾಲು 800, ಚೈನು 700, ಬೋಲ್ಟು, ತರಕಾರಿ ಮಣೆ. ಎರಡು ಸಾವಿರ ಮುಟ್ಟಲ್ಲ. ಕಳೆದ ಎಂಟು ತಿಂಗಳಲ್ಲಿ ಒಂದು ಕ್ಲಚ್ಚೂ ಬದಲಿಸಿಲ್ಲ, ಚೈನು ಬಿಗಿ ಮಾಡಿದ್ದು ಎರಡು ಸಲ. ಎರಡನೇ ಸಲ ಕತ್ತರಿಸಿದ ಮೂರರಲ್ಲಿ ಒಂದನ್ನು ಪಕ್ಕದ ತೋಟದವರು ಒಯ್ದರು, ಅವರ ಮಗಳ ಬೈಕಿಗೆ. ಮೊದಲು ಜೋರಾಗಿ ಆಗಲ್ಲ ಅಂದವರೇ ಅವರು. ಹಬ್ಬಿನ ಅಳತೆ ಬೇರೆ, ನಡುವಿನ ತೂತನ್ನು ಲೇತಿನಲ್ಲಿ ದೊಡ್ಡದು ಮಾಡಿಕೊಟ್ಟೆ. ಶನಿವಾರ ಅದನ್ನು ಕೂರಿಸಬೇಕು, ಚೈನು ಇನ್ನೂ ಬಂದಿಲ್ಲ.