ಹಳೆ ಉಳಿಗೆ ಕುಂಟಿ ದಿಂಡಿನ ಹಿಡಿ

ಕಲಬುರಗಿಯ ಗುಜರಿ ಅಂಗಡಿಯೊಂದರಲ್ಲಿ ಒಂದು ಇಂಚಿನ ಹಳೆ ಉಳಿ ಸಿಕ್ಕಿತು. ಕಬ್ಬಿಣ ಗಟ್ಟಿಮುಟ್ಟಾಗಿತ್ತು, ಹಿಡಿ ಮಾತ್ರ ಕೆಟ್ಟಿತ್ತು. ಯಾರೋ ಮರದ ಕೊಡತಿ ಬಿಟ್ಟು ಕಬ್ಬಿಣದ ಸುತ್ತಿಗೆಯಲ್ಲೇ ಹೊಡೆದು ಹೊಡೆದು ಅದರ ತಲೆ ಅಣಬೆಯ ಹಾಗೆ ಅರಳಿತ್ತು. ಹೊಸ ಹಿಡಿ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲ ಅಂತಲ್ಲ. ಆದರೆ ನಮ್ಮ ಕಡೆ ಬಿಸಿಲು ಗೊತ್ತಲ್ವಾ? ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಸ್ವಲ್ಪ ಹಸಿ ಉಳಿದ ಮರವೂ ಆಗ ಕುಗ್ಗುತ್ತದೆ. ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಹಿಡಿ ಸೀಳದ ಹಾಗೆ ಅದರ ತುದಿಗೆ ಹಾಕಿರೋ ಲೋಹದ ಬಳೆ ಸಡಿಲಾಗಿ ಕೈಗೇ ಬರುತ್ತದೆ.

ಅದಕ್ಕೇ ನಾನು ಹೊಸ ಮರ ಹುಡುಕಲಿಲ್ಲ. ಊರಲ್ಲಿ ಕಾಕಾನ ಹಿತ್ತಲಲ್ಲಿ ಹೊಲ ಹರಗೋ ಮುರಿದ ಕುಂಟಿ ಬಿದ್ದಿತ್ತು. ಅದರ ದಿಂಡು, ಅಂದರೆ ದಪ್ಪ ಅಡ್ಡಮರ, ಕರಿಜಾಲಿಯದು. ಕೇಳಿದೆ. “ಒಲಿಗಿ ಹಾಕಾದಿತ್ತು, ಒಯ್ಯಪಾ” ಅಂದರು. ವರ್ಷಗಟ್ಟಲೆ ಬಿಸಿಲು ಕಂಡ ಮರ, ಇನ್ನು ಕುಗ್ಗೋದು ಏನೂ ಉಳಿದಿರಲಿಲ್ಲ. ಹಳೆ ಮೊಳೆ ಇದೆಯಾ ಅಂತ ಮೊದಲು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಹೋಯಿತು. ನಡುವಿನ ತಿರುಳು ಬಿಟ್ಟು, ನಾರು ಉದ್ದಕ್ಕೆ ನೇರವಾಗಿ ಓಡಿರೋ ಕಡೆ 34 ಮಿಮೀ ಚೌಕದ ತುಂಡು ಕೊಯ್ದುಕೊಂಡೆ. ಉದ್ದ 13 ಸೆಂಮೀ.

ಬಹಳ ಜನ ಹಿಡಿಯನ್ನು ಚೆಂದಗೆ ಕೆತ್ತಿ ಆಮೇಲೆ ತೂತು ಹಾಕುತ್ತಾರೆ. ನಾನು ತೂತು ಮೊದಲು ಹಾಕುತ್ತೇನೆ. ಡ್ರಿಲ್ ಒಂದಿಷ್ಟು ಓರೆ ಹೋದರೂ ಚಿಂತೆಯಿಲ್ಲ, ತೂತಿಗೆ ಸರಿಯಾಗಿ ಹಿಡಿಯನ್ನೇ ಕೆತ್ತಿಕೊಳ್ಳಬಹುದು. ಹಿಡಿಯೊಳಗೆ ಕೂರೋ ಉಳಿಯ ಹಿಂದಿನ ಮೊನೆ ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಹಾಗಾಗಿ ಪೂರ್ತಿ ಆಳಕ್ಕೆ 4 ಮಿಮೀ ಬಿಟ್, ಅರ್ಧದವರೆಗೆ ಮಾತ್ರ 6 ಮಿಮೀ ಬಿಟ್. ತೂತಿನಲ್ಲಿ ಉದ್ದನೆ ಮೊಳೆ ನಿಲ್ಲಿಸಿ ಎರಡು ಕಡೆಯಿಂದ ಕಣ್ಣಳತೆ ನೋಡಿದೆ. ಆ ಮೊಳೆಯ ಗೆರೆಯೇ ಹಿಡಿಯ ನಡುಗೆರೆ.

ದುಂಡನೆ ಹಿಡಿ ನನಗೆ ಸೇರೋದಿಲ್ಲ, ಇಟ್ಟಲ್ಲಿ ನಿಲ್ಲದೆ ಉರುಳಿ ಉಳಿಯ ಬಾಯಿ, ಅಂದರೆ ಕೊಯ್ಯೋ ಅಂಚು, ಮುಕ್ಕಾಗುತ್ತದೆ. ಎಂಟು ಮೂಲೆ ಮಾಡಿದೆ. ಪ್ರತಿ ಮುಖದಲ್ಲೂ ಎರಡೂ ಅಂಚಿನಿಂದ 10 ಮಿಮೀ ಬಿಟ್ಟು ಗೆರೆ ಎಳೆದು, ನಾಲ್ಕು ಮೂಲೆ ರಂದಾ ಹೊಡೆದರೆ ಎಂಟೂ ಮುಖ ಹೆಚ್ಚುಕಮ್ಮಿ ಸಮ ಬರುತ್ತವೆ. ಆಮೇಲೆ ಒರಟು ಅರ, ಕೊನೆಗೆ ಗಾಜಿನ ಚೂರಿನಿಂದ ಹೆರೆದದ್ದು. ಜಾಲಿ ಗಡಸು ಮರ, ಪಾಲಿಶ್ ಪೇಪರ್ ಸುಮ್ನೆ ಸವೆಯುತ್ತದೆ.

ಬಳೆಗೆ ಅರ್ಧ ಇಂಚಿನ ಜಿಐ ಪೈಪಿನ ತುಂಡು ಸಾಕು. ಒಳಗಿನ ಚೂಪು ಅಂಚನ್ನು ಅರದಿಂದ ತೆಗೆದೆ. ಮರದ ತುದಿಯನ್ನು ಕೆತ್ತುವಾಗ ಬಳೆ ಕೈಯಿಂದ ಒತ್ತಿದರೆ ಹೋಗಬಾರದು, ಕೊಡತಿಯ ಏಟಿಗೆ ಮಾತ್ರ ಹೋಗಬೇಕು. ಈ ಕೆಲಸವನ್ನು ಕಡು ಬೇಸಿಗೆಯಲ್ಲೇ ಮಾಡೋದು ಒಳ್ಳೇದು. ಆಗ ಬಿಗಿಯಾಗಿ ಕೂತ ಬಳೆ, ಮಳೆಗಾಲದಲ್ಲಿ ಮರ ಉಬ್ಬಿದಾಗ ಇನ್ನೂ ಬಿಗಿಯುತ್ತದೆ. ಉಳಿ ಕೂರಿಸೋ ಮೊದಲೇ ಬಳೆ ಹಾಕಿರಬೇಕು, ಇಲ್ಲವಾದರೆ ಮರ ಸೀಳುತ್ತದೆ.

ಮೊನೆಯನ್ನು ಕೆಂಪಗೆ ಕಾಯಿಸಿ ಚುಚ್ಚೋರಿದ್ದಾರೆ. ನನಗದು ಬೇಡ. ಶಾಖ ಬಾಯಿಯವರೆಗೆ ಹರಿದರೆ ಉಳಿಯ ಹದ ಹೋಗಿ ಕಬ್ಬಿಣ ಮೆತ್ತಗಾಗುತ್ತದೆ, ಒಳಗೆ ಸುಟ್ಟ ಮರವೂ ಮುಂದೆ ಪುಡಿಯಾಗುತ್ತದೆ. ಮೊನೆಯನ್ನು ತೂತಿಗಿಟ್ಟು ಸ್ವಲ್ಪ ತಟ್ಟಿ, ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಉಳಿಯ ಬಾಯಿ ಕೆಳಗೆ ಗಾಳಿಯಲ್ಲಿ ತೂಗುವ ಹಾಗೆ ಬಿಟ್ಟು, ಹಿಡಿಯ ತಲೆಗೆ ಕೊಡತಿಯಿಂದ ಹೊಡೆದೆ. ಕಬ್ಬಿಣದ ಭಾರಕ್ಕೆ ಅದು ಇದ್ದಲ್ಲೇ ಇರುತ್ತದೆ, ಮರ ಕೆಳಗಿಳಿಯುತ್ತದೆ. ಪ್ರತಿ ಏಟಿಗೂ ಮೊನೆ ಸ್ವಲ್ಪ ಸ್ವಲ್ಪವೇ ಒಳಗೆ ಹೋಗೋದು ಕಾಣುತ್ತದೆ. ಬುಡದ ದಪ್ಪ ಅಂಚು ಸುತ್ತಲೂ ಮರಕ್ಕೆ ಕೂತಾಗ ಏಟಿನ ಸದ್ದೇ ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಕೊನೆಗೆ ಅಗಸಿ ಎಣ್ಣೆ. ತೆಳ್ಳಗೆ ಹಚ್ಚಿ, ಒರೆಸಿ, ಒಣಗಿದ ಮೇಲೆ ಮತ್ತೆ ಹಚ್ಚಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ತಾನೇ ಕಾಯುತ್ತದೆ, ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹಗ್ಗದ ಮೇಲೆ ಹರವಿ.