ಹಳೆಯ ಡ್ರಮ್ಮಿನಲ್ಲಿ ಕಟ್ಟಿದ ರಾಕು ಆವಿಗೆ

ಬೆಂಗಳೂರಿನಲ್ಲಿ ಹವ್ಯಾಸಕ್ಕೆಂದು ಕುಂಬಾರಿಕೆ ಕಲಿಯುವವರಿಗೆ ಸುಲಭವಾಗಿ ಸಿಗುವುದು ವಿದ್ಯುತ್ ಆವಿಗೆ. ಮಣ್ಣಿನ ಪಾತ್ರೆಯನ್ನು ನಿಧಾನವಾಗಿ ಸುಟ್ಟು, ನಿಧಾನವಾಗಿ ಆರಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಜಪಾನಿ ಮೂಲದ ರಾಕು ಪದ್ಧತಿಯಲ್ಲಿ ಗ್ಲೇಜು, ಅಂದರೆ ಪಾತ್ರೆಗೆ ಬಳಿದ ಗಾಜಿನಂಥ ಲೇಪ, ಕರಗಿ ಹೊಳೆಯುತ್ತಿರುವಾಗಲೇ, ಅಂದರೆ 950ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಆವಿಗೆಯನ್ನು ತೆರೆದು ಪಾತ್ರೆಯನ್ನು ಇಕ್ಕಳದಿಂದ ಹೊರಗೆ ತೆಗೆಯಬೇಕು. ವಿದ್ಯುತ್ ಆವಿಗೆಯನ್ನು ಪದೇ ಪದೇ ಹಾಗೆ ತೆರೆದರೆ ಅದರ ಸುರುಳಿ ತಂತಿಗಳು ಬೇಗ ಹಾಳಾಗುತ್ತವೆ. ವಿದ್ಯುತ್ ಹರಿಯುತ್ತಿರುವ ತಂತಿಗೆ ಕಬ್ಬಿಣದ ಇಕ್ಕಳ ತಗುಲಿದರಂತೂ ಪ್ರಾಣಕ್ಕೇ ಅಪಾಯ. ಕನಕಪುರ ರಸ್ತೆಯ ಕಡೆ ಇರುವ ನಮ್ಮ ಮನೆಯ ಹಿತ್ತಲಿನಲ್ಲಿ ಗ್ಯಾಸಿನಿಂದ ಉರಿಯುವ ಚಿಕ್ಕ ಆವಿಗೆಯೊಂದನ್ನು ನಾನೇ ಕಟ್ಟಿಕೊಳ್ಳಲು ಇದೇ ಕಾರಣ.

ರಾಕು ಹುಟ್ಟಿದ್ದು 16ನೇ ಶತಮಾನದ ಕ್ಯೋಟೊದಲ್ಲಿ, ಚೋಜಿರೊ ಎಂಬ ಕುಶಲಕರ್ಮಿ ಚಹಾ ಆಚರಣೆಗಾಗಿ ಮಾಡಿದ ಬಟ್ಟಲುಗಳೊಂದಿಗೆ. ಕಾದ ಪಾತ್ರೆಯನ್ನು ಮರದ ಹೊಟ್ಟಿನಲ್ಲಿ ಹೂತು ಹೊಗೆ ಕುಡಿಸುವ ಕ್ರಮ ಬಹಳ ಈಚಿನದು. 1960ರ ದಶಕದಲ್ಲಿ ಅಮೆರಿಕದ ಪಾಲ್ ಸೋಲ್ಡ್‌ನರ್ ಅದನ್ನು ರೂಢಿಗೆ ತಂದರು. ನಾನು ಮಾಡುವುದು ಈ ಎರಡನೆಯ ಬಗೆಯನ್ನು. ಸೌದೆಯ ಆವಿಗೆಯ ಆಸೆ ನನಗೂ ಇತ್ತು. ಆದರೆ ಅಕ್ಕಪಕ್ಕ ಮನೆಗಳಿರುವ ಬಡಾವಣೆಯಲ್ಲಿ ಗಂಟೆಗಟ್ಟಲೆ ಹೊಗೆ ಎಬ್ಬಿಸುವುದು ನ್ಯಾಯವಲ್ಲವೆಂದು ಅದನ್ನು ಕೈಬಿಟ್ಟೆ.

ಆವಿಗೆಯ ಮೈಗೆ ಆರಿಸಿಕೊಂಡದ್ದು 200 ಲೀಟರಿನ ಹಳೆಯ ಕಬ್ಬಿಣದ ಡ್ರಮ್. ಗುಜರಿ ಅಂಗಡಿಯಲ್ಲಿ ಇದನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ಒಳಗೆ ಹಿಂದೆ ಏನಿತ್ತು ಎಂಬುದನ್ನು. ಥಿನ್ನರ್‌ನಂತಹ ದ್ರಾವಕ ತುಂಬಿದ್ದ ಡ್ರಮ್ಮಿಗೆ ಗ್ರೈಂಡರ್ ಹಿಡಿದರೆ ಒಳಗೆ ಉಳಿದಿರುವ ಅದರ ಅನಿಲಕ್ಕೆ ಕಿಡಿ ತಗುಲಿ ಸ್ಫೋಟವಾಗಬಹುದು. ನನ್ನದು ಅಡುಗೆ ಎಣ್ಣೆಯ ಡ್ರಮ್. ಅದನ್ನೂ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಸಿದ ಮೇಲೆಯೇ ವೆಲ್ಡಿಂಗ್ ಅಂಗಡಿಗೆ ಒಯ್ದೆ. 60 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಮುಚ್ಚಿದ ತುದಿಯ ನಡುವೆ 12 ಸೆಂಟಿಮೀಟರ್ ವ್ಯಾಸದ ರಂಧ್ರ ಕೊರೆಯಲು ಹೇಳಿದಾಗ ಅಂಗಡಿಯಾತ, "ಮೇಡಂ, ತಂದೂರಿಗಾ? ಹಂಗಾದ್ರೆ ಗಾಳಿಗೆ ಪಕ್ಕದಲ್ಲಿ ಕಿಂಡಿ ಬೇಕಲ್ವಾ, ತಳಕ್ಯಾಕೆ ತೂತು?" ಎಂದು ಕೇಳಿದರು. ಡ್ರಮ್ಮನ್ನು ಬೋರಲು ಹಾಕುತ್ತೇನೆ, ಆ ರಂಧ್ರವೇ ಹೊಗೆಗಂಡಿ ಎಂದು ವಿವರಿಸಬೇಕಾಯಿತು. ಮೇಲಿನಿಂದ ಮುಚ್ಚಳ ತೆಗೆಯುವ ಆವಿಗೆಯಾದರೆ ಬಾಗಿ ಒಳಗೆ ಕೈಹಾಕಬೇಕು, ಉಸಿರಿಗೆ ನೇರವಾಗಿ ಬಿಸಿ ಬಡಿಯುತ್ತದೆ. ಡ್ರಮ್ಮನ್ನೇ ಟೋಪಿಯ ಹಾಗೆ ಮೇಲೆತ್ತಿಬಿಟ್ಟರೆ ಪಾತ್ರೆಗಳು ಪೀಠದ ಮೇಲೆ ಎದುರಿಗೇ ನಿಂತಿರುತ್ತವೆ. ಒಬ್ಬರೇ ಕೆಲಸ ಮಾಡುವವರಿಗೆ ಈ ಎರಡನೆಯ ವಿನ್ಯಾಸವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಳಮೈಗೆ ಶಾಖ ತಡೆಯುವ ಸೆರಾಮಿಕ್ ಫೈಬರ್ ಬ್ಲಾಂಕೆಟ್ ಬಳಸಿದೆ: 25 ಮಿಲಿಮೀಟರ್ ದಪ್ಪ, ಘನಮೀಟರಿಗೆ 128 ಕಿಲೊ ಸಾಂದ್ರತೆ, 1260 ಡಿಗ್ರಿಯ ದರ್ಜೆ. ಇದರ ಸುರುಳಿಯ ಅಗಲ 61 ಸೆಂಟಿಮೀಟರ್. ಡ್ರಮ್ಮಿನ ಎತ್ತರವನ್ನು 60ಕ್ಕೆ ನಿಲ್ಲಿಸಿದ್ದು ಈ ಲೆಕ್ಕದಿಂದಲೇ. ಎರಡು ಪದರವಾಗಿ ಸುತ್ತಿದಾಗ ಕೆಳತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಹೊರಗೆ ಚಾಚಿಕೊಳ್ಳುತ್ತದೆ. ಡ್ರಮ್ಮನ್ನು ಇಟ್ಟಿಗೆಯ ಮೇಲೆ ಇಳಿಸಿದಾಗ ಆ ಅಂಚು ಅದುಮಿಕೊಂಡು ಸಂದಿಯನ್ನು ತಾನೇ ಮುಚ್ಚುತ್ತದೆ. ಒಳಗಿನ ವ್ಯಾಸ ಸುಮಾರು 47 ಸೆಂಟಿಮೀಟರ್ ಉಳಿಯಿತು. ಬ್ಲಾಂಕೆಟ್ ಜಾರದಂತೆ ಹಿಡಿಯಲು ನಾನು ಮಾಡಿದ್ದು ಮಣ್ಣಿನ ಗುಂಡಿಗಳನ್ನು. ಅಂಗಿಯ ಗುಂಡಿಗೆ ಇರುವಂತೆಯೇ ಎರಡು ತೂತುಗಳಿರುವ ಬಿಲ್ಲೆಗಳನ್ನು ಸುಟ್ಟುಕೊಂಡು, ತೂತುಗಳಲ್ಲಿ ಹೆಚ್ಚು ಶಾಖ ತಾಳುವ ಕಾಂತಾಲ್ ತಂತಿ ಪೋಣಿಸಿ, ಬ್ಲಾಂಕೆಟ್ ಮತ್ತು ಡ್ರಮ್ ಎರಡನ್ನೂ ಹಾಯಿಸಿ ಹೊರಗೆ ತಿರುಚಿದೆ. ಗೇಣಿಗೊಂದರಂತೆ ಹಾಕಿದರೆ ಸಾಕು. ಮಾಮೂಲು ಕಟ್ಟುತಂತಿ ಈ ಶಾಖಕ್ಕೆ ಕೆಲವೇ ಸುಡುವಿಕೆಗಳಲ್ಲಿ ಪುಡಿಯಾಗುತ್ತದೆ.

ಬ್ಲಾಂಕೆಟ್ ನೋಡುವುದಕ್ಕೆ ಹತ್ತಿಯಂತೆ ಮೆತ್ತಗಿದ್ದರೂ ಅದರ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುವಷ್ಟು ಸೂಕ್ಷ್ಮವಾಗಿರುತ್ತವೆ. ಅವು ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಯಲ್ಲೂ ಇವೆ. ಕತ್ತರಿಸುವಾಗ ಮೂಗಿಗೆ ಬಿಗಿಯಾಗಿ ಕೂರುವ ಮಾಸ್ಕ್, ತುಂಬುತೋಳಿನ ಅಂಗಿ, ಕೈಗವಸು ಇರಲೇಬೇಕು. ಕೆಲಸ ಮುಗಿದ ಮೇಲೆ ಕಸವನ್ನು ಒಣಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಒಳಮೈಗೆ ಕೊಲಾಯ್ಡಲ್ ಸಿಲಿಕಾ ಸಿಂಪಡಿಸಿ ಗಟ್ಟಿಮಾಡಿದ ಮೇಲೆ ಎಳೆ ಉದುರುವುದು ಬಹಳ ಕಡಿಮೆಯಾಗುತ್ತದೆ.

ಪೀಠಕ್ಕೆ ಶಾಖನಿರೋಧಕ ಇಟ್ಟಿಗೆ. ಕೆಳಗೆ ಒಂದು ಸಾಲನ್ನು ಮಲಗಿಸಿ, ಅದರ ಮೇಲೆ ಇನ್ನೊಂದು ಸಾಲನ್ನು ಅಂಚಿನ ಮೇಲೆ ನಿಲ್ಲಿಸಿ ಬಳೆಯಾಕಾರಕ್ಕೆ ಜೋಡಿಸಿದೆ. ಈ ಮೇಲಿನ ಸಾಲಿನಲ್ಲಿ 10 ಸೆಂಟಿಮೀಟರ್ ಅಗಲದ ಒಂದು ಸಂದಿ ಬಿಟ್ಟೆ. ಬರ್ನರಿನ ಬಾಯಿ ಅಲ್ಲಿ ಕೂರುತ್ತದೆ. ಹೀಗೆ ಮಾಡಿದರೆ ಡ್ರಮ್ ಮೇಲೇಳುವಾಗ ಬರ್ನರ್ ಅಲುಗುವುದಿಲ್ಲ. ಡ್ರಮ್ಮನ್ನು ಎತ್ತಲು ಜಿಐ ಪೈಪಿನ ಚೌಕಟ್ಟು, ರಾಟೆ, ಉಕ್ಕಿನ ಹಗ್ಗ, ಇನ್ನೊಂದು ತುದಿಯಲ್ಲಿ ಸಮತೂಕಕ್ಕೆ ಮರಳು ತುಂಬಿದ ಪೇಂಟ್ ಬಕೆಟ್. ನೈಲಾನ್ ಹಗ್ಗ ಇಲ್ಲಿ ಕೂಡದು.

ಇಷ್ಟರವರೆಗಿನದು ಬಡಗಿ, ಕಮ್ಮಾರರ ಕೆಲಸ. ಆವಿಗೆ ಆವಿಗೆಯಾಗುವುದು ಬರ್ನರ್, ಅದರ ಕಿಂಡಿ ಮತ್ತು ಹೊಗೆಗಂಡಿ, ಈ ಮೂರರ ಹೊಂದಾಣಿಕೆಯಲ್ಲಿ. ಮನೆಯ ಒಲೆಯ ರೆಗ್ಯುಲೇಟರಿನ ಒತ್ತಡ ಇದಕ್ಕೆ ಸಾಲದು. ಮನೆಬಳಕೆಯ ಸಿಲಿಂಡರನ್ನು ಇಂತಹ ಕೆಲಸಕ್ಕೆ ಬಳಸುವುದಕ್ಕೆ ಅನುಮತಿಯೂ ಇಲ್ಲ. 19 ಕಿಲೊ ವಾಣಿಜ್ಯ ಸಿಲಿಂಡರ್, ಒತ್ತಡ ತೋರಿಸುವ ಗೇಜ್ ಇರುವ ಹೈಪ್ರೆಶರ್ ರೆಗ್ಯುಲೇಟರ್, ಗಾಳಿಯನ್ನು ತಾನೇ ಎಳೆದುಕೊಳ್ಳುವ ವೆಂಚುರಿ ಬರ್ನರ್, ಇವು ನನ್ನ ಆಯ್ಕೆ. ಜ್ವಾಲೆಯನ್ನು ಪಾತ್ರೆಗಳಿಗೆ ನೇರವಾಗಿ ಗುರಿಮಾಡದೆ ಗೋಡೆಯ ಪಕ್ಕಕ್ಕೆ ಓರೆಯಾಗಿ ಬಿಟ್ಟರೆ ಅದು ಪಾತ್ರೆಗಳನ್ನಿಟ್ಟ, ಶಾಖ ತಾಳುವ ಹಲಗೆಯ ಕೆಳಗೆ ಸುತ್ತು ಹೊಡೆದು ಮೇಲೇರುತ್ತದೆ. ಪಾತ್ರೆ ಕೂರುವ ಹಲಗೆ ಒಳವ್ಯಾಸಕ್ಕಿಂತ ಕಿರಿದಾಗಿದ್ದು, ಸುತ್ತಲೂ ನಾಲ್ಕು ಬೆರಳಿನಷ್ಟು ಜಾಗ ಇರಬೇಕು.

ಶಾಖ 800 ಡಿಗ್ರಿಯ ಸುತ್ತಮುತ್ತ ಬಂದು ನಿಂತುಬಿಟ್ಟರೆ ಯಾರಿಗಾದರೂ ಮೊದಲು ತೋಚುವುದು ಗ್ಯಾಸನ್ನು ಹೆಚ್ಚಿಸುವುದು. ಬಹುತೇಕ ಸಲ ಬೇಕಾಗಿರುವುದು ಗ್ಯಾಸಲ್ಲ, ಗಾಳಿ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನಿಗೆ ಸುಮಾರು 31. ನಮ್ಮ ಎಲ್‌ಪಿಜಿ ಇವೆರಡರ ಮಿಶ್ರಣ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ, ಆದ್ದರಿಂದ ಬರ್ನರಿನ ಗಾಳಿಯ ಕಿಂಡಿಯನ್ನು ಇನ್ನಷ್ಟು ತೆರೆಯಬೇಕಾಗುತ್ತದೆ. ಹೊಗೆಗಂಡಿಯಿಂದ ಉದ್ದನೆಯ ಹಳದಿ ನಾಲಗೆ ಹೊರಬರುತ್ತಿದ್ದರೆ ಗ್ಯಾಸ್ ಒಳಗೆ ಉರಿಯದೆ ಹೊರಗೆ ಉರಿಯುತ್ತಿದೆ ಎಂದರ್ಥ. ಬರ್ನರಿನ ಕಿಂಡಿಯಲ್ಲೇ ಜ್ವಾಲೆ ಹಿಂದಕ್ಕೆ ಚಿಮ್ಮುತ್ತಿದ್ದರೆ ಹೊಗೆಗಂಡಿ ಕಿರಿದಾಗಿದೆ ಎಂದರ್ಥ. ಹೊಗೆಗಂಡಿಯ ಮೇಲೆ ಒಡೆದ ಹಲಗೆಯ ತುಂಡೊಂದನ್ನು ಇಟ್ಟು ಬೆರಳಗಲ ಅತ್ತಿತ್ತ ಸರಿಸುತ್ತ, ಒಳಗಿನ ಶಾಖ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ತೋರಿಸುವ ಅಂಕಿಯನ್ನು ಗಮನಿಸುತ್ತ ಹೋದರೆ, ಕಾಲಂಗುಲ ಸರಿಸಿದ್ದಕ್ಕೂ ಶಾಖ ಏರುವ ವೇಗ ಬದಲಾಗುವುದು ಕಾಣುತ್ತದೆ. ತಣ್ಣಗಿನ ಆವಿಗೆಯ ಮೊದಲ ಸುತ್ತಿಗೆ ಒಂದು ಗಂಟೆಯ ಆಸುಪಾಸು, ಮುಂದಿನವಕ್ಕೆ ಅದರ ಅರ್ಧದಷ್ಟು ಹೊತ್ತು ಹಿಡಿಯುತ್ತದೆ.

ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಸಿಲಿಂಡರಿನ ಮೈಮೇಲೆ ಹಿಮ ಕಟ್ಟಿ ಒತ್ತಡ ಇಳಿಯುತ್ತದೆ. ಆಗ ಅದನ್ನು ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ನಿಲ್ಲಿಸುತ್ತೇನೆ. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದರಿಂದ ಜ್ವಾಲೆ ಆರಿದರೆ ಗ್ಯಾಸ್ ತಳದಲ್ಲಿ ಶೇಖರವಾಗುತ್ತದೆ. ಆಗ ವಾಲ್ವ್ ಮುಚ್ಚಿ, ಡ್ರಮ್ ಎತ್ತಿ, ಗಾಳಿಯಾಡಲು ಬಿಟ್ಟು, ಆಮೇಲಷ್ಟೇ ಮತ್ತೆ ಹೊತ್ತಿಸಬೇಕು. ಜ್ವಾಲೆ ಆರಿದೊಡನೆ ಗ್ಯಾಸನ್ನು ತಾನೇ ನಿಲ್ಲಿಸುವ ಸುರಕ್ಷಾ ವಾಲ್ವಿಗೆ ಖರ್ಚು ಮಾಡಲು ಹಿಂಜರಿಯಬಾರದು.

ಮಣ್ಣಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನುಣ್ಣನೆಯ ಜೇಡಿಮಣ್ಣು ಈ ಹಠಾತ್ ತಂಪಿಗೆ ಬಿರಿಯುತ್ತದೆ, ಆದ್ದರಿಂದ ಕಾಲು ಪಾಲಿನಷ್ಟು ಗ್ರಾಗ್, ಅಂದರೆ ಸುಟ್ಟ ಮಣ್ಣಿನ ಪುಡಿ, ಬೆರೆಸಬೇಕು. ಪಾತ್ರೆಯನ್ನು ಮೊದಲೇ ಒಂದು ಸಲ ಸುಟ್ಟು, ಬಳಿದ ಗ್ಲೇಜು ಪೂರ್ತಿ ಒಣಗಿದ ಮೇಲೆಯೇ ಆವಿಗೆಗೆ ಇಡಬೇಕು.

ಗ್ಲೇಜಿನ ಮೇಲ್ಮೈಯ ಗುಳ್ಳೆಗಳೆಲ್ಲ ಅಡಗಿ, ಒದ್ದೆಯಾದಂತೆ ನಯವಾಗಿ ಹೊಳೆಯತೊಡಗಿದಾಗ ಗ್ಯಾಸ್ ನಿಲ್ಲಿಸಿ ಡ್ರಮ್ ಎತ್ತುತ್ತೇನೆ. ಪಾತ್ರೆ ಹೋಗುವುದು ಒಣ ಮರದ ಹೊಟ್ಟು ಹಾಸಿದ ತಗಡಿನ ಡಬ್ಬಕ್ಕೆ. ಬಿಳಿ ಗ್ಲೇಜಿನಲ್ಲಿ ಬಿರುಕಿನ ಜಾಲ ಬೇಕೆಂದರೆ ಅರ್ಧ ನಿಮಿಷದಷ್ಟು ಹೊತ್ತು ಹೊರಗಾಳಿಯಲ್ಲಿ ಹಿಡಿಯಬೇಕು. ಗ್ಲೇಜು ಮಣ್ಣಿಗಿಂತ ಹೆಚ್ಚು ಕುಗ್ಗಿ ಟಿಣ್ ಟಿಣ್ ಎಂದು ಸೀಳುವುದು ಕೇಳಿಸುತ್ತದೆ, ಆ ಸೀಳುಗಳಿಗೆ ಆಮೇಲೆ ಮಸಿ ಇಳಿಯುತ್ತದೆ. ತಾಮ್ರದ ಗ್ಲೇಜಿಗೆ ಈ ಸಾವಧಾನ ಸಲ್ಲದು, ಅದನ್ನು ಕೂಡಲೇ ಹೊಟ್ಟಿಗೆ ಹಾಕಿ ಮುಚ್ಚಬೇಕು. ಡಬ್ಬದ ಮುಚ್ಚಳವನ್ನು ಮರಳಿನಲ್ಲಿ ಒತ್ತಿ ಕೂರಿಸುವುದರಿಂದ ಆಮ್ಲಜನಕ ಒಳನುಗ್ಗುವುದಿಲ್ಲ, ನೆರೆಯವರಿಗೆ ಹೊಗೆಯ ಕಾಟವೂ ಕಡಿಮೆ.

ಹೀಗೆ ಸುಟ್ಟ ಪಾತ್ರೆ ನೀರನ್ನು ಹಿಡಿದಿಡುವುದಿಲ್ಲ, ಊಟಕ್ಕೂ ತಕ್ಕದ್ದಲ್ಲ. ಕೇಳಿದವರಿಗೆ ಇದನ್ನು ಸ್ಪಷ್ಟವಾಗಿ ಹೇಳಿಯೇ ಕೊಡುತ್ತೇನೆ. ತಾಮ್ರದ ಹೊಳಪು ಕೂಡ ಗಾಳಿಯಲ್ಲಿ ಕಾಲಕ್ರಮೇಣ ಹಸಿರಿಗೆ ತಿರುಗಬಹುದಾದ್ದರಿಂದ ಅಂಥವನ್ನು ತೇವವಿಲ್ಲದ, ನೇರ ಬಿಸಿಲು ಬೀಳದ ಕಪಾಟಿನಲ್ಲಿ ಇಡುವಂತೆ ತಿಳಿಸುತ್ತೇನೆ.